ಗ್ಯಾಸ್ ಖಾಲಿ ಆಗಲ್ಲ ಸ್ವಾಮಿ, ಸೋರುತ್ತೆ!

ಚಳ್ಳಕೆರೆಗೆ ‘ಎಣ್ಣೆ ನಗರ’ ಅಂತ ಹೆಸರು. ಶೇಂಗಾ ಎಣ್ಣೆ ಮಿಲ್ಲುಗಳು ತಂದುಕೊಟ್ಟ ಹೆಸರು ಅದು. ಅಲ್ಲಿನ ಯಾವುದಾದರೂ ಅಂಗಡಿಗೆ ಹೋಗಿ, “ಸಾಹುಕಾರ್ರೇ, ನಿಮ್ಮ ಎಣ್ಣೆ ಡಬ್ಬ ಸೋರ್ತಿತ್ತು. ಇನ್ನೊಂದೈದು ಲೀಟರ್ ಸುರಿದು ರಿಪೇರಿ ಮಾಡಿದೀನಿ, ದುಡ್ಡು ಕೊಡಿ” ಅಂತ ಕೇಳಿ ನೋಡಿ. ಜಾಡಿಸಿ ಕಳಿಸ್ತಾರೆ. ಆದರೆ ಬ್ಯಾಂಕು, ಚಿನ್ನದಂಗಡಿ, ಸೀರೆ ಶೋರೂಮುಗಳು ಪ್ರತಿ ಬೇಸಿಗೆಯಲ್ಲೂ ಇಂಥದ್ದೇ ಬಿಲ್ಲಿಗೆ ತೆಪ್ಪಗೆ ದುಡ್ಡು ಕಟ್ಟುತ್ತವೆ. ಬಿಲ್ಲಿನ ಮೇಲೆ ಬರೆದಿರೋದು ಮಾತ್ರ ಬೇರೆ: ‘ಎಸಿ ಗ್ಯಾಸ್ ಚಾರ್ಜಿಂಗ್’.

ಎಸಿಯ ಗ್ಯಾಸು ಬೈಕಿನ ಪೆಟ್ರೋಲಲ್ಲ. ಅದು ಉರಿದು ಮುಗಿಯಲ್ಲ, ಸವೆಯಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಾ ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲಿ ಬರುತ್ತೆ, ಅಷ್ಟೇ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ತೂತಿದೆ. ತೂತು ಮುಚ್ಚದೆ ತುಂಬಿಸಿದ ಗ್ಯಾಸು ಅದೇ ತೂತಿನಿಂದ ಆಚೆ ಹೋಗುತ್ತೆ. ಮತ್ತೆ ಫೋನು, ಮತ್ತೆ ಬಿಲ್ಲು.

ಇನ್ನೊಂದು ವಿಷಯ. ‘ತಣ್ಣಗಾಗ್ತಿಲ್ಲ’ ಅಂದ ಮಾತ್ರಕ್ಕೆ ಗ್ಯಾಸ್ ಕಡಿಮೆ ಆಗಿದೆ ಅಂತಲೇ ಅಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಧೂಳಿಗೇನು ಬರ? ತಾರಸಿ ಮೇಲಿನ ಔಟ್‌ಡೋರ್ ಯೂನಿಟ್ಟಿನ ಕಾಯಿಲ್ ಮೇಲೆ ಅದು ಕಂಬಳಿ ಹೊದ್ದ ಹಾಗೆ ಕೂತಿರುತ್ತೆ. ಶಾಖ ಹೊರಗೆ ಹೋಗೋ ದಾರಿಯೇ ಬಂದ್. ಅದರ ಮೇಲೆ ಇನ್ನಷ್ಟು ಗ್ಯಾಸ್ ತುರುಕಿದರೆ ಒತ್ತಡ ಏರುತ್ತೆ, ಕಂಪ್ರೆಸರ್ ಟ್ರಿಪ್ ಆಗುತ್ತೆ, ಒಂದಿನ ಸುಟ್ಟೇ ಹೋಗುತ್ತೆ. ಆಮೇಲೆ “ಈ ಕಂಪನಿ ಎಸಿನೇ ಸರಿ ಇಲ್ಲ” ಅಂತ ಬೈಗುಳ. ಮೊದಲು ಫಿಲ್ಟರ್, ಬ್ಲೋಯರ್, ಕಾಯಿಲ್ ನೋಡಬೇಕು. ಆಮೇಲೆ ವೋಲ್ಟೇಜ್, ಕೆಪಾಸಿಟರ್. ಗ್ಯಾಸಿನ ಗೇಜು ಕೊನೆಗೆ. ನಮ್ಮಲ್ಲಿ ಶುರುವಾಗೋದೇ ಗೇಜಿನಿಂದ.

ತಪ್ಪು ಮೆಕ್ಯಾನಿಕ್ ಹುಡುಗನದ್ದು ಅಂತೀರಾ? ನಾನು ಒಪ್ಪಲ್ಲ. ವಾರ್ಷಿಕ ಮೆಂಟೆನೆನ್ಸ್ ಕಾಂಟ್ರಾಕ್ಟನ್ನು, ನಿಮ್ಮ ಭಾಷೇಲಿ ಎಎಂಸಿಯನ್ನು, ಅತಿ ಕಡಿಮೆ ರೇಟಿಗೆ ಹಿಂಡಿ ಸಹಿ ಹಾಕಿದ್ದು ಬೆಂಗಳೂರಿನ ಆಫೀಸಲ್ಲಿ ಕೂತ ನಾವು ನೀವು. ಆ ಹುಡುಗ ಚಿತ್ರದುರ್ಗದಲ್ಲಿ ಬೈಕ್ ಹತ್ತಿ ಚಳ್ಳಕೆರೆ ಮುಗಿಸಿ ಮೊಳಕಾಲ್ಮೂರಿಗೆ ಹೋಗಬೇಕು. ಅವನಿಗೆ ಸಿಗೋದು ಇಷ್ಟು ವಿಸಿಟ್ಟಿಗೆ ಇಷ್ಟು ಅಂತ. ನೈಟ್ರೋಜನ್ ಸಿಲಿಂಡರು, ವ್ಯಾಕ್ಯೂಮ್ ಪಂಪು, ತಕ್ಕಡಿ ಬೈಕಲ್ಲಿ ಹೊತ್ಕೊಂಡು ಹೋಗ್ತಾನಾ? ನೈಟ್ರೋಜನ್ ಇಲ್ಲ ಅಂತ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಹಾಕಿ ಲೀಕ್ ಟೆಸ್ಟ್ ಮಾಡಿದರೆ, ಕಂಪ್ರೆಸರಿನ ಎಣ್ಣೆ ಜೊತೆ ಸೇರಿ ಅದು ಸ್ಫೋಟಿಸಬಹುದು. ನೀವು ಉಳಿಸಿದ ದುಡ್ಡಿಗೆ ಜೀವ ಪಣ ಇಡೋನು ಅವನು.

ಸೋರಿದ ಗ್ಯಾಸಾದರೂ ಸುಮ್ಮನೆ ಮಾಯ ಆಗುತ್ತಾ? ಒಂದು ಕಿಲೋ ಆರ್-410ಎ ಗಾಳಿಗೆ ಬಿಟ್ಟರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿ. ಹಳೇ ಆರ್-22 ಆದರೆ ಓಝೋನ್ ಪದರಕ್ಕೂ ಪೆಟ್ಟು. ಇಂಥ ಗ್ಯಾಸುಗಳನ್ನು ತಗ್ಗಿಸೋ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲೇ ಒಪ್ಪಿಗೆ ಕೊಟ್ಟಿದೆ. ದೆಹಲಿಯಲ್ಲಿ ಒಪ್ಪಿದ್ದನ್ನು ಚಳ್ಳಕೆರೆಯ ತಾರಸಿ ಮೇಲೆ ಪ್ರತಿ ಏಪ್ರಿಲ್‌ನಲ್ಲೂ ಗಾಳಿಗೆ ತೂರ್ತಿದೀವಿ.

ಮೊಳಕಾಲ್ಮೂರಿನ ರೇಷ್ಮೆ ನೇಕಾರರನ್ನು ನೋಡಿ. ಎಳೆ ಕಡಿದರೆ ಮಗ್ಗ ನಿಲ್ಲಿಸ್ತಾರೆ. ತುದಿ ಹುಡುಕಿ, ಗಂಟು ಹಾಕಿ, ಆಮೇಲೆ ಮುಂದಿನ ಲಾಳಿ. ಕಡಿದ ಎಳೆ ಹಾಗೇ ಬಿಟ್ಟು ನೇಯ್ಕೊಂಡು ಹೋದರೆ ಸೀರೆ ಹಾಳು ಅನ್ನೋದು ಅವರಿಗೆ ಗೊತ್ತು. ಅದೇ ಸೀರೆಗಳನ್ನು ಮಾರೋ ಎಸಿ ಶೋರೂಮಿಗೆ ಈ ಬುದ್ಧಿ ಬೇಡವಾ?

ಕೆಲಸದ ಕ್ರಮ ಗುಟ್ಟೇನಲ್ಲ. ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೋಬೇಕು. ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತೆ ನೋಡಬೇಕು. ತೂತು ಮುಚ್ಚಿ, ಮತ್ತೆ ಟೆಸ್ಟ್ ಮಾಡಿ, ವ್ಯಾಕ್ಯೂಮ್ ಎಳೆದು, ನೇಮ್‌ಪ್ಲೇಟ್ ನೋಡಿ ಗ್ಯಾಸನ್ನು ತೂಕ ಹಾಕಿ ತುಂಬಬೇಕು. ಅರ್ಧ ದಿನದ ಕೆಲಸ. ಅದಕ್ಕೆ ತಕ್ಕ ಕೂಲಿಯನ್ನು ಕಾಂಟ್ರಾಕ್ಟಿನಲ್ಲಿ ಬರೀರಿ. ಧೂಳಿನ ಊರಿಗೆ ವರ್ಷಕ್ಕೆ ಎರಡು ಸರ್ವಿಸ್ ಸಾಲಲ್ಲ, ಅದನ್ನೂ ಬರೀರಿ.

ಮುಂದಿನ ಸಲ ‘ಗ್ಯಾಸ್ ಚಾರ್ಜಿಂಗ್’ ಬಿಲ್ಲು ನಿಮ್ಮ ಟೇಬಲ್ಲಿಗೆ ಬಂದರೆ, ಅಪ್ರೂವ್ ಒತ್ತೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ಸೋರಿದ್ದು ಎಲ್ಲಿಂದ? ಉತ್ತರ ಇಲ್ಲದಿದ್ದರೆ ಬಿಲ್ ವಾಪಸ್ ಕಳಿಸಿ.