ಬಾಯಿಪಾಠದ ಚದುರಂಗ

ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ, ಮಕ್ಕಳನ್ನು ಚದುರಂಗ ಕಲಿಯಲು ಕಳುಹಿಸುವ ಪಾಲಕರ ಮೊದಲ ಪ್ರಶ್ನೆ ಒಂದೇ: “ಸರ, ಎಷ್ಟು ಓಪನಿಂಗ್ ಕಲಿಸಿದ್ರಿ?” ಮಗ್ಗಿಯಂತೆ ಹದಿನೈದು ನಡೆಗಳನ್ನು ಒಪ್ಪಿಸುವ ಮಗು ಜಾಣ. ಹದಿನಾರನೆಯ ನಡೆ ಏಕೆಂದು ಕೇಳಿದರೆ ಮೌನ! ಇದು ವಿದ್ಯೆಯಲ್ಲ, ಗಿಳಿಪಾಠ.

ಇದಕ್ಕೆ ಉತ್ತರವಾಗಿ ಒಂದು ಪಂದ್ಯವನ್ನು ಓದುಗರ ಮುಂದಿಡುತ್ತೇನೆ. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವವಿಜೇತ ಕ್ಯಾಪಾಬ್ಲಾಂಕಾ ಕಪ್ಪು ಕಾಯಿಗಳಿಂದ ಕ್ವೀನ್ಸ್ ಇಂಡಿಯನ್ ರಕ್ಷಣೆಯನ್ನು ಆಡಿದರು. ನಡುಮನೆಗಳನ್ನು ಪದಾತಿಗಳಿಂದ ತುಂಬದೆ ಒಂಟೆಯಿಂದ ದೂರದಲ್ಲೇ ಕಾಯುವ, ಅಂದು ‘ಹೈಪರ್‌ಮಾಡರ್ನ್’ ಎನಿಸಿದ ವಿಧಾನವದು. ಬಿಳಿಯ ಕಡೆ ಕುಳಿತವರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಅವರು ಬೆಳೆದದ್ದು ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುವ ದೇಶೀ ಆಟದಲ್ಲಿ. ಯುರೋಪಿನ ನಿಯಮಗಳನ್ನು ಕಲಿತದ್ದು ಪ್ರಾಯಕ್ಕೆ ಬಂದ ಮೇಲೆ. ಐದನೆಯ ನಡೆಯಲ್ಲಿ ಅಂಚಿನ ಪದಾತಿಯನ್ನು ಒಂದು ಮನೆ ಸರಿಸಿ, ಕಪ್ಪು ಒಂಟೆ ತಮ್ಮ ಕುದುರೆಯನ್ನು ಕಟ್ಟಿಹಾಕದಂತೆ ತಡೆದರು. 65 ನಡೆಗಳಲ್ಲಿ ಗೆದ್ದರು. ಆ ಪುಟ್ಟ ನಡೆಗೆ ಮುಂದೆ ಅಂಟಿದ್ದು ಪೆಟ್ರೋಸಿಯನ್‌ರ ಹೆಸರು! 1966ರಲ್ಲಿ ತೀರಿಕೊಂಡ ಖಾನ್‌ರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ದೊರೆತದ್ದು 2024ರಲ್ಲಿ.

ಹಾಗಾದರೆ ಓಪನಿಂಗ್ ಬೇಡವೇ? ಬೇಕು. ಖಾನ್‌ರ ಆರಂಭದ ಆಟ ದುರ್ಬಲವೆಂದು ಸಮಕಾಲೀನರೇ ಹೇಳುತ್ತಿದ್ದರು. ಆದರೂ ಅವರು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದದ್ದು ತಮ್ಮ ಬುದ್ಧಿಬಲದಿಂದ, ಬಾಯಿಪಾಠದಿಂದಲ್ಲ.

ಶುಲ್ಕ ತೆರಲಾಗದ ಖಾನಾಪುರದ ಹಳ್ಳಿಯ ಹುಡುಗಿಗೆ “ನಿನಗೆ ಓಪನಿಂಗ್ ಗೊತ್ತಿಲ್ಲ” ಎಂದು ಹೇಳಿ ಹಿಂದಕ್ಕೆ ಕಳುಹಿಸುವುದು ಅನ್ಯಾಯ. ಶಿಕ್ಷಕರೇ, ಆಕೆಯ ಮುಂದೆ ಮಣೆ ಹಾಸಿ, ಪ್ರತಿ ನಡೆಗೂ “ಏಕೆ?” ಎಂದು ಕೇಳಿ. ಅಷ್ಟು ಸಾಕು.