ಮಗುವಿನ ಉಸಿರಿಗೂ ಕನ್ನಡ ಬೇಕು

ಕನ್ನಡದ ಯುವಕ ಯುವತಿಯರೇ,

ಅಂಗಡಿ ಬೋರ್ಡು ಕನ್ನಡದಲ್ಲಿರಲಿ ಎಂದು ಬೀದಿಗಿಳಿದವರು ನಾವು. ಆಸ್ಪತ್ರೆಯ ಚೀಟಿ ಯಾವ ಭಾಷೆಯಲ್ಲಿದೆ ಎಂದು ಎಂದಾದರೂ ಕೇಳಿದ್ದೇವೆಯೇ?

ಹನೂರಿನಾಚೆಯ ಕಾಡಂಚಿನ ಒಂದು ಮನೆ ಎಂದಿಟ್ಟುಕೊಳ್ಳಿ. ನಡುರಾತ್ರಿ. ನೆಗಡಿಯಾಗಿದ್ದ ಎರಡು ವರ್ಷದ ಕೂಸು ಎದ್ದು ನಾಯಿ ಬೊಗಳಿದಂತೆ ಕೆಮ್ಮುತ್ತದೆ. ದನಿ ಒಡೆದಿದೆ. ಉಸಿರೆಳೆದಾಗ ಗೊರಗೊರ ಸದ್ದು. ತಾಯಿಗೆ ಕೈಕಾಲು ಆಡುವುದಿಲ್ಲ.

ಇದು ಕ್ರೂಪ್. ವೈರಸ್ಸಿನಿಂದ ಗಂಟಲ ಗೂಡಿನ ಕೆಳಗೆ ಊತ ಬರುತ್ತದೆ. ಮಕ್ಕಳ ಉಸಿರುನಾಳ ಕಿರಿದು, ಅದಕ್ಕೇ ಈ ಸದ್ದು. 6 ತಿಂಗಳಿಂದ 3 ವರ್ಷದವರಲ್ಲಿ ಹೆಚ್ಚು. ರಾತ್ರಿ ಜೋರು, ಹಗಲು ಕಡಿಮೆ. ಬಹುಪಾಲು ಮಕ್ಕಳು ಕೆಲವೇ ದಿನಗಳಲ್ಲಿ ಗುಣವಾಗುತ್ತಾರೆ.

ಮೊದಲ ಕೆಲಸ, ಮಗುವನ್ನು ಅಳಿಸಬೇಡಿ. ಅತ್ತರೆ ಉಸಿರು ಇನ್ನೂ ಕಟ್ಟುತ್ತದೆ. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಗುಟುಕು ಗುಟುಕಾಗಿ ಕುಡಿಸಿ. ಕುದಿನೀರಿನ ಹಬೆ ಬೇಡ. ಲಾಭ ರುಜುವಾತಾಗಿಲ್ಲ, ಸುಟ್ಟ ಗಾಯದ ಭಯವುಂಟು. ಕೆಮ್ಮಿನ ಸಿರಪ್ಪು, ಆ್ಯಂಟಿಬಯಾಟಿಕ್ ಇದಕ್ಕೆ ಮದ್ದಲ್ಲ.

ಸುಮ್ಮನಿದ್ದಾಗಲೂ ಸದ್ದು ಬಂದರೆ, ಪಕ್ಕೆ ಒಳಗೆಳೆದರೆ, ತುಟಿ ನೀಲಿಯಾದರೆ, ಉಗುಳು ನುಂಗಲಾಗದೆ ಜೊಲ್ಲು ಸುರಿದರೆ, ಮಗು ಮಂಕಾದರೆ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಕ್ರೂಪ್ ಎಂದು ಕಂಡರೆ ವೈದ್ಯರು ತೂಕ ನೋಡಿ ಕೊಡುವ ಡೆಕ್ಸಾಮೆಥಾಸೋನ್ ಸಾಮಾನ್ಯವಾಗಿ ಒಂದೇ ಡೋಸಿನಲ್ಲಿ ಊತ ಇಳಿಸುತ್ತದೆ. ಗಂಟಲಮಾರಿಯೂ ಹೀಗೆಯೇ ಉಸಿರು ಕಟ್ಟಿಸುತ್ತದೆ. ಅದನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆ 6, 10, 14ನೇ ವಾರಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ತಪ್ಪಿಸಬೇಡಿ.

ಇಷ್ಟನ್ನು ಆ ತಾಯಿಗೆ ಕನ್ನಡದಲ್ಲಿ ಬರೆದುಕೊಟ್ಟವರು ಯಾರು? ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾಡು ಒಂದಾಯಿತು. 1963ರಲ್ಲಿ ಕನ್ನಡ ಆಡಳಿತ ಭಾಷೆಯೆಂದು ಕಾನೂನೂ ಬಂತು. ಔಷಧಿ ಚೀಟಿಗೆ ಮಾತ್ರ ಕನ್ನಡ ಬರಲಿಲ್ಲ! ತಪ್ಪು ನನ್ನದೂ ಹೌದು. ಡಾಕ್ಟರ ಚೀಟಿಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಕೂಲಿ ಎಣಿಸಿಕೊಂಡವನು ನಾನು. ಒಂದು ದಿನವೂ ಕೇಳಲಿಲ್ಲ.

ಗೆಳೆಯರೇ, ಘೋಷಣೆ ಕೂಗಿದ್ದು ಸಾಕು ಎನ್ನುವುದಿಲ್ಲ. ಜೊತೆಗೆ ಈ ಕೆಲಸವನ್ನೂ ಮಾಡಿ. ಒಂದು ಪುಟದ ಕರಪತ್ರ ಬರೆಯಿರಿ. ಮಕ್ಕಳ ವೈದ್ಯರಿಗೆ ತೋರಿಸಿ ತಿದ್ದಿಸಿ. ಕೊಳ್ಳೇಗಾಲ, ಹನೂರು, ಯಳಂದೂರಿನ ಅಂಗನವಾಡಿಗಳಿಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಮುಟ್ಟಿಸಿ. ಓದಲು ಬಾರದವರಿಗೆ ಓದಿ ಹೇಳಿ. ಕಾಗದ ನೀವು ತನ್ನಿ, ಅಚ್ಚಿನ ಕೂಲಿ ನನಗೆ ಬೇಡ.

ತಾಯಿಗೆ ಅರ್ಥವಾಗದ ಚೀಟಿ ಮಗುವನ್ನು ಉಳಿಸದು.