ಪಂಚಾಯಿತಿ ಬಾಗಿಲಿಗೆ ಬಂದ ಫೈಬರ್, ಊರೊಳಗೆ ಬಾರದ ಇಂಟರ್‌ನೆಟ್

2011ರ ಅಕ್ಟೋಬರ್ 25ರಂದು ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಾಗ ಹಾಕಿದ್ದ ಲೆಕ್ಕ ಇಷ್ಟೇ: ಸುಮಾರು 20 ಸಾವಿರ ಕೋಟಿ ರೂಪಾಯಿ, ಎರಡು ವರ್ಷ, ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳು. ಆ ಎರಡು ವರ್ಷ ಮುಗಿದು ದಶಕವೇ ದಾಟಿತು. 2015ರಲ್ಲಿ ಯೋಜನೆಗೆ ಭಾರತ್‌ನೆಟ್ ಎಂಬ ಹೊಸ ಹೆಸರು ಬಂತು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಹೊಸ ಸ್ವರೂಪವೂ ಬಂತು. ಹಳ್ಳಿಗೆ ಬ್ರಾಡ್‌ಬ್ಯಾಂಡ್ ಕೊಡುತ್ತೇವೆಂಬ ಮಾತು ಮಾತ್ರ ಇನ್ನೂ ಪೂರ್ತಿಯಾಗಿ ಈಡೇರಿಲ್ಲ.

ಈ ಮಾತು ಆ ಯೋಜನೆಗಿಂತಲೂ ಹಳೆಯದು. 2004ರ ಬ್ರಾಡ್‌ಬ್ಯಾಂಡ್ ನೀತಿ 2010ರ ಹೊತ್ತಿಗೆ ಎರಡು ಕೋಟಿ ಸಂಪರ್ಕಗಳ ಗುರಿ ಇಟ್ಟಿತ್ತು. ಆಗ 256 ಕೆಬಿಪಿಎಸ್ ವೇಗವಿದ್ದರೆ ಅದೇ ಬ್ರಾಡ್‌ಬ್ಯಾಂಡ್. 2010 ಮುಗಿಯುವಾಗ ಆದದ್ದು ಗುರಿಯ ಸುಮಾರು ಅರ್ಧ. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ ಪ್ರತಿ ಪ್ರಜೆಗೂ 50 ಎಂಬಿಪಿಎಸ್ ಎಂದಿತು. 2020ರ ಸ್ವಾತಂತ್ರ್ಯ ದಿನದಂದು ಕೆಂಪು ಕೋಟೆಯಿಂದ ಬಂದ ಘೋಷಣೆ ಇನ್ನೂ ದೊಡ್ಡದು: ಸಾವಿರ ದಿನಗಳಲ್ಲಿ ಆರು ಲಕ್ಷ ಹಳ್ಳಿಗಳಿಗೂ ಫೈಬರ್. ಆ ಸಾವಿರ ದಿನ 2023ರ ಮೇ ತಿಂಗಳಲ್ಲಿ ಕಳೆಯಿತು.

ಹಣವಿಲ್ಲದೆ ಕೆಲಸ ನಿಂತಿತು ಎನ್ನುವಂತಿಲ್ಲ. ಟೆಲಿಕಾಂ ಕಂಪನಿಗಳ ಆದಾಯದ ಶೇ 5ರಷ್ಟು ಹಣ 2002ರಿಂದಲೂ ಸಾರ್ವತ್ರಿಕ ಸೇವಾ ನಿಧಿಯ (2024ರಿಂದ ಡಿಜಿಟಲ್ ಭಾರತ್ ನಿಧಿಯ) ಹೆಸರಿನಲ್ಲಿ ಸರ್ಕಾರಕ್ಕೆ ಸಲ್ಲುತ್ತಿದೆ. ಹಳ್ಳಿಗೆಂದೇ ಎತ್ತಿದ ಈ ಹಣದ ದೊಡ್ಡ ಪಾಲು ವರ್ಷಗಟ್ಟಲೆ ಖರ್ಚಾಗದೆ ಉಳಿಯಿತು. ಅದೇ ಕಾಲದಲ್ಲಿ ಮಲೆನಾಡಿನ ಜನ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಫಲಕ ಹಿಡಿದರು. ಕೊರೊನಾ ವರ್ಷಗಳಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತರು. ಇದನ್ನು ಮರೆಯುವುದು ತಪ್ಪು.

ನಮ್ಮ ದೃಷ್ಟಿಯಲ್ಲಿ ಎಡವಟ್ಟಾದದ್ದು ಯೋಜನೆಯ ಅಳತೆಗೋಲಿನಲ್ಲಿ. ಎಷ್ಟು ಕಿಲೋಮೀಟರ್ ಕೇಬಲ್ ಹೂತಿದ್ದೇವೆ, ಎಷ್ಟು ಪಂಚಾಯಿತಿಗಳು ‘ಸೇವೆಗೆ ಸಿದ್ಧ’ ಎಂಬ ಲೆಕ್ಕವೇ ಮುಂದಾಯಿತು. 2017ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿಯಿತೆಂದು ಘೋಷಣೆಯಾಯಿತು. 2025ರ ಆರಂಭಕ್ಕೆ ಆ ಸಂಖ್ಯೆ ಸುಮಾರು 2.14 ಲಕ್ಷ. ಸಿದ್ಧವಾದ ಲೈನು ಚಾಲೂ ಇದೆಯೇ, ಅದನ್ನು ಯಾರಾದರೂ ಬಳಸುತ್ತಿದ್ದಾರೆಯೇ ಎಂಬ ಪ್ರಶ್ನೆ ಹಿಂದೆ ಬಿತ್ತು. ಓವರ್‌ಹೆಡ್ ಟ್ಯಾಂಕ್ ಕಟ್ಟಿ, ಬೀದಿ ನಲ್ಲಿ ಹಾಕುವ ಮೊದಲೇ ಊರಿಗೆ ನೀರು ಕೊಟ್ಟೆವೆಂದು ಬರೆದುಕೊಂಡ ಹಾಗಾಯಿತು ಇದು.

ಒಂದು ಪಂಚಾಯಿತಿ ಕಚೇರಿಯ ಒಳಗೆ ಹೋಗಿ ನೋಡೋಣ. ಗೋಡೆಯ ಮೇಲೊಂದು ಪೆಟ್ಟಿಗೆ, ಅದಕ್ಕೊಂದು ಬ್ಯಾಟರಿ, ಚಾವಣಿ ಮೇಲೆ ಸೋಲಾರ್ ಫಲಕ. ತಾಲ್ಲೂಕು ಕಡೆಯಿಂದ ಬಂದ ಫೈಬರ್ ಕೊನೆಯಾಗುವುದು ಅಲ್ಲಿ. ಬ್ಯಾಟರಿ ಸತ್ತು ಕರೆಂಟೂ ಹೋದರೆ ಲೈನೂ ಹೋದಂತೆ. ರಸ್ತೆ ಅಗಲ ಮಾಡುವ ಜೆಸಿಬಿ, ಕುಡಿಯುವ ನೀರಿನ ಪೈಪಿಗೆ ತೋಡಿದ ಗುಂಡಿ, ಯಾವುದು ಕೇಬಲ್ ಕತ್ತರಿಸಿದರೂ ಅದರಾಚೆಗಿನ ಪಂಚಾಯಿತಿಗಳೆಲ್ಲ ಒಟ್ಟಿಗೆ ಸಂಪರ್ಕ ಕಳೆದುಕೊಳ್ಳುತ್ತವೆ. ಮೊದಲ ಜಾಲವನ್ನು ಒಂದೇ ಎಳೆಯಲ್ಲಿ ಎಳೆದದ್ದೇ ಅದಕ್ಕೆ ಕಾರಣ. ಆಗ ಕಂಪ್ಯೂಟರ್ ಆಪರೇಟರ್ ತನ್ನದೇ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಪಂಚಾಯಿತಿ ಕೆಲಸ ಸಾಗಿಸಬೇಕು. ಹೊರಗೆ ಕಾದವರಿಗೆ ಸಿಗುವ ಉತ್ತರ ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’

ಈ ‘ನಾಳೆ’ಗೆ ಬೆಲೆ ಇದೆ. 2023ರ ಜನವರಿ 1ರಿಂದ ನರೇಗಾ ಕೂಲಿಕಾರರ ಹಾಜರಿಯನ್ನು ದಿನಕ್ಕೆರಡು ಸಲ ಫೋಟೊ ಸಮೇತ ಆ್ಯಪ್‌ನಲ್ಲಿ ಹಾಕುವುದು ಕಡ್ಡಾಯವಾಯಿತು. ಫೋಟೊ ಅಪ್‌ಲೋಡ್ ಆಗದಿದ್ದರೆ ದಿನವಿಡೀ ಗುದ್ದಲಿ ಹಿಡಿದ ಹೆಂಗಸು ಕೂಲಿಗಾಗಿ, ಹಾಜರಿ ಹಾಕುವ ಕಾಯಕ ಬಂಧುವಿನ ಹಿಂದೆ, ಕಾಯಕ ಬಂಧು ಅಧಿಕಾರಿಯ ಹಿಂದೆ ಅಲೆಯಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರ ಹೆಬ್ಬೆಟ್ಟು ತೆಗೆದುಕೊಳ್ಳದ ದಿನ ಅಕ್ಕಿ ಚೀಲ ಖಾಲಿ ಹಿಂದಿರುಗುತ್ತದೆ. ಕೂಲಿ, ಪಡಿತರ, ಪಿಂಚಣಿಗಳನ್ನೆಲ್ಲ ಇಂಟರ್‌ನೆಟ್‌ಗೆ ಕಟ್ಟಿಹಾಕಿದ ಮೇಲೆ ಅದನ್ನು ಸುಸ್ಥಿತಿಯಲ್ಲಿಡುವುದು ಸರ್ಕಾರದ ಹೊಣೆ. ಇದರಲ್ಲಿ ಉದಾರತೆಯ ಮಾತೇ ಬರುವುದಿಲ್ಲ.

ದೋಷ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯೋಜನೆಯನ್ನು ಪರಿಶೀಲಿಸಿದ ಜೆ. ಸತ್ಯನಾರಾಯಣ ನೇತೃತ್ವದ ಸಮಿತಿ 2015ರಲ್ಲೇ ಜಾಲವನ್ನು ಉಂಗುರದಂತೆ ಹೆಣೆಯಿರಿ ಎಂದಿತ್ತು. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯಲಿ ಎಂಬುದು ಅದರ ಉದ್ದೇಶ. ರಾಜ್ಯಗಳ ಪಾಲುದಾರಿಕೆಯನ್ನೂ ಅದು ಕೇಳಿತ್ತು. ಆ ಸಲಹೆ ದೇಶದಾದ್ಯಂತದ ಯೋಜನೆಯ ಬೆನ್ನೆಲುಬಾಗಲು ಎಂಟು ವರ್ಷ ಬೇಕಾಯಿತು. ನಡುವೆ 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಖಾಸಗಿಯವರಿಗೆ ವಹಿಸಲು ಟೆಂಡರ್ ಕರೆದರು. ಅದು ಫಲ ಕೊಡಲಿಲ್ಲ. ಜಾಲ ಕಟ್ಟಲೆಂದೇ ಹುಟ್ಟಿದ ಸರ್ಕಾರಿ ಕಂಪನಿ ಬಿಬಿಎನ್‌ಎಲ್ ಅನ್ನು ಬಿಎಸ್‌ಎನ್‌ಎಲ್ ಜತೆ ವಿಲೀನಗೊಳಿಸುವ ತೀರ್ಮಾನ 2022ರಲ್ಲಿ ಆಯಿತು. ಇಷ್ಟು ಕೈ ಬದಲಾದಾಗ ಕೆಟ್ಟ ಪೆಟ್ಟಿಗೆ ರಿಪೇರಿ ಮಾಡುವವರು ಯಾರೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

2016ರ ನಂತರ ಅಗ್ಗದ ಮೊಬೈಲ್ ಡೇಟಾ ಬಂದದ್ದರಿಂದ ಫೈಬರ್ ಬೇಕಿಲ್ಲ ಎನ್ನುವ ವಾದವೂ ಇದೆ. ದೇಶದ ಬ್ರಾಡ್‌ಬ್ಯಾಂಡ್ ಚಂದಾದಾರರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮೊಬೈಲ್ ಮೂಲಕವೇ ಬಂದವರು, ನಿಜ. ಆದರೆ ಟವರಿಗೂ ಹಿಂದಿನಿಂದ ಫೈಬರ್ ಬೇಕು. ಶಾಲೆಯ ಇಡೀ ತರಗತಿ, ಆರೋಗ್ಯ ಕೇಂದ್ರದ ವಿಡಿಯೊ ಸಮಾಲೋಚನೆ ಒಬ್ಬರ ದಿನದ ಡೇಟಾ ಪ್ಯಾಕ್‌ನಲ್ಲಿ ನಡೆಯುವುದಿಲ್ಲ.

2023ರ ಪರಿಷ್ಕೃತ ಯೋಜನೆಯಲ್ಲಿ ಉಂಗುರ ಜಾಲವಿದೆ, ಕಟ್ಟಿದವರೇ ಹತ್ತು ವರ್ಷ ನಿರ್ವಹಿಸಬೇಕೆಂಬ ಷರತ್ತಿದೆ, ಪಂಚಾಯಿತಿಯಾಚೆಗಿನ 3.8 ಲಕ್ಷ ಹಳ್ಳಿಗಳಿಗೆ ಕೇಳಿದಲ್ಲಿ ಸಂಪರ್ಕವಿದೆ. ಇವು ಸರಿಯಾದ ತಿದ್ದುಪಡಿಗಳು, ಸ್ವಾಗತಿಸುತ್ತೇವೆ. ಆದರೆ ಗುತ್ತಿಗೆದಾರರಿಗೆ ಹಣ ಬಿಡುಗಡೆ ಮಾಡುವಾಗ ಲೈನು ಎಷ್ಟು ದಿನ ನಡೆಯಿತು ಎಂಬುದನ್ನೇ ಮುಖ್ಯ ಅಳತೆಯಾಗಿ ಹಿಡಿಯಬೇಕು. ಪ್ರತಿ ತಿಂಗಳು ಎಷ್ಟು ಗಂಟೆ ಸಂಪರ್ಕ ಕಡಿದಿತ್ತು, ದುರಸ್ತಿಗೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಬರೆಯಬೇಕು, ಗ್ರಾಮಸಭೆಯಲ್ಲಿ ಓದಬೇಕು. ದೆಹಲಿಯ ಲೆಕ್ಕದಲ್ಲಿ ‘ಸಿದ್ಧ’ ಎಂದಿರುವ ಪಂಚಾಯಿತಿ ನಿಜಕ್ಕೂ ಸಿದ್ಧವೋ ಅಲ್ಲವೋ ಎಂದು ಹೇಳುವ ಅಧಿಕಾರ ಆ ಸಭೆಗೇ ಸಿಗಬೇಕು.